ಎರಡು ನ್ಯಾಯಪೀಠಗಳ ಮುಂದೆ ಮಾರ್ಕೋನಿ

ತಂತಿಯ ಹಂಗಿಲ್ಲದೆ ಸಂದೇಶವನ್ನು ಸಾಗರದಾಚೆಗೆ ದಾಟಿಸಿದ ಗುಗ್ಲಿಯೆಲ್ಮೊ ಮಾರ್ಕೋನಿ ಅವರ ಹೆಸರನ್ನು ಶಾಲಾ ಪಠ್ಯದಲ್ಲಿ ಓದದವರು ವಿರಳ. ಆದರೆ ಈ ಮಹಾಶಯರು ತಮ್ಮ ಮೊದಲ ದಾಂಪತ್ಯದಿಂದ ಬಿಡುಗಡೆ ಹೊಂದಲು ಎರಡು ಬೇರೆ ಬೇರೆ ಕಾನೂನುಗಳಿಗೆ ಉತ್ತರ ಹೇಳಬೇಕಾಯಿತೆಂಬ ಸಂಗತಿ ಅಷ್ಟಾಗಿ ಪ್ರಚಾರ ಪಡೆದಿಲ್ಲ. 1924ರಲ್ಲಿ ಸಿವಿಲ್ ಕಾನೂನು ಅವರಿಗೆ ವಿಚ್ಛೇದನ ನೀಡಿತು. ಮೂರು ವರ್ಷಗಳ ತರುವಾಯ, 1927ರಲ್ಲಿ, ಅದೇ ವಿವಾಹ ಆರಂಭದಿಂದಲೇ ಅಸಿಂಧುವಾಗಿತ್ತೆಂದು ಕ್ಯಾಥೊಲಿಕ್ ಧರ್ಮಸಭೆ ತೀರ್ಪಿತ್ತಿತು.

ಮಾರ್ಕೋನಿ ಜನಿಸಿದ್ದು 1874ರ ಏಪ್ರಿಲ್ 25ರಂದು, ಇಟಲಿಯ ಬೊಲೋನ್ಯಾ ನಗರದಲ್ಲಿ. ತಂದೆ ಜುಸೆಪ್ಪೆ ಸ್ಥಿತಿವಂತ ಜಮೀನುದಾರರು, ಕ್ಯಾಥೊಲಿಕರು. ತಾಯಿ ಆನಿ ಜೇಮ್ಸನ್ ಐರ್ಲೆಂಡಿನ ಹೆಸರಾಂತ ವಿಸ್ಕಿ ಉದ್ಯಮಿಗಳ ಮನೆತನದವರು, ಪ್ರಾಟೆಸ್ಟೆಂಟರು. ಮಗುವಿಗೆ ಕ್ಯಾಥೊಲಿಕ್ ವಿಧಿಯಂತೆ ದೀಕ್ಷಾಸ್ನಾನವಾಯಿತಾದರೂ ಬೆಳೆದದ್ದು ಬಹುಮಟ್ಟಿಗೆ ತಾಯಿಯ ಮತಾಚಾರದ ನೆರಳಿನಲ್ಲಿ. ಬಾಲ್ಯದ ಈ ಇಬ್ಬಗೆ ಮುಂದೆ ನ್ಯಾಯಪೀಠದ ಮುಂದೆ ಮಹತ್ವದ ಸಂಗತಿಯಾಗಲಿತ್ತು.

ಅವರ ವೈಜ್ಞಾನಿಕ ಸಾಧನೆಯ ಕಥೆ ಪರಿಚಿತವೇ. ಪೊಂಟೆಕ್ಕಿಯೊದ ತಂದೆಯ ಮನೆಯಲ್ಲಿ ಪ್ರಯೋಗ, 1896ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮತ್ತು ಪೇಟೆಂಟ್ ಅರ್ಜಿ, 1897ರಲ್ಲಿ ಕಂಪನಿ ಸ್ಥಾಪನೆ, 1901ರ ಡಿಸೆಂಬರ್ 12ರಂದು ಕಾರ್ನ್‌ವಾಲ್‌ನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ನ್ಯೂಫೌಂಡ್‌ಲ್ಯಾಂಡಿನಲ್ಲಿ ಆಲಿಸಿದ ಘೋಷಣೆ, 1909ರಲ್ಲಿ ಕಾರ್ಲ್ ಬ್ರೌನ್ ಅವರೊಡನೆ ಹಂಚಿಕೊಂಡ ನೊಬೆಲ್ ಪ್ರಶಸ್ತಿ. ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇದೇ ಅಲೆಗಳ ಪ್ರಯೋಗ ನಡೆಸಿ ತೋರಿಸಿದ್ದರೆಂಬುದನ್ನು ಭಾರತೀಯರು ಮರೆಯುವಂತಿಲ್ಲ. ಆ ಚರ್ಚೆ ಬೇರೆ.

1904ರಲ್ಲಿ ಇಂಗ್ಲೆಂಡಿನ ಬ್ರೌನ್ಸಿ ದ್ವೀಪದಲ್ಲಿ ಅವರಿಗೆ ಬಿಯಾಟ್ರಿಸ್ ಓಬ್ರಿಯೆನ್ ಅವರ ಪರಿಚಯವಾಯಿತು. ಐರ್ಲೆಂಡಿನ ಇಂಚಿಕ್ವಿನ್ ಬ್ಯಾರನ್ ಮನೆತನದ ಕನ್ಯೆ, ಪ್ರಾಟೆಸ್ಟೆಂಟ್. ಮೊದಲ ಬಾರಿ ಕೇಳಿದಾಗ ಆಕೆ ಒಪ್ಪಲಿಲ್ಲ; ಮನೆಯವರಿಗೂ ಈ ಪರದೇಶಿ ವರನ ಬಗೆಗೆ ಅನುಮಾನವಿತ್ತು. ಆದರೂ 1905ರ ಮಾರ್ಚ್ 16ರಂದು ಲಂಡನ್ನಿನ ಹ್ಯಾನೋವರ್ ಸ್ಕ್ವೇರ್‌ನ ಸೇಂಟ್ ಜಾರ್ಜ್ ಆಂಗ್ಲಿಕನ್ ಚರ್ಚಿನಲ್ಲಿ ವಿವಾಹ ನೆರವೇರಿತು. ಮೊದಲ ಮಗಳು ಹುಟ್ಟಿದ ಕೆಲವೇ ವಾರಗಳಲ್ಲಿ ತೀರಿಕೊಂಡಿತು. ಆಮೇಲೆ 1908ರಲ್ಲಿ ಡೆನ್ಯಾ, 1910ರಲ್ಲಿ ಜೂಲಿಯೊ, 1916ರಲ್ಲಿ ಜೋಯಾ ಜನಿಸಿದರು.

ಮಾರ್ಕೋನಿ ಮನೆಯಲ್ಲಿ ನಿಂತವರಲ್ಲ. ಒಂದು ಕಾಲು ಹಡಗಿನಲ್ಲಿ, ಇನ್ನೊಂದು ಪ್ರಯೋಗಶಾಲೆಯಲ್ಲಿ. ಒಂಟಿಯಾಗಿ ಉಳಿಯುತ್ತಿದ್ದ ಪತ್ನಿಯ ಮೇಲೆ ಅನುಮಾನ, ತಮಗೆ ಮಾತ್ರ ಪರಸ್ತ್ರೀಯರ ಸಹವಾಸ. ಈ ವಿಷಯದಲ್ಲಿ ಅವರನ್ನು ಸಮರ್ಥಿಸುವುದು ಕಷ್ಟ. 1912ರಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣು ಹೋಯಿತು. 1919ರಲ್ಲಿ ಕೊಂಡ ಎಲೆಟ್ರಾ ಎಂಬ ವಿಹಾರನೌಕೆಯೇ ಅವರ ಮನೆಯೂ ಪ್ರಯೋಗಶಾಲೆಯೂ ಆದ ಮೇಲೆ ಸಂಸಾರದ ಕೊನೆಯ ಎಳೆಯೂ ಸಡಿಲಿತು. ಅಷ್ಟರಲ್ಲಿ ಬಿಯಾಟ್ರಿಸ್ ಅವರಿಗೆ ಇಟಲಿಯ ಮಾರ್ಕ್ವಿಸ್ ಲಿಬೋರಿಯೊ ಮರಿನ್ಯೋಲಿ ಅವರಲ್ಲಿ ಒಲವು ಮೂಡಿತ್ತು. ವಿಚ್ಛೇದನ ಬೇಕೆಂಬ ಬಯಕೆ ಆಗ ಆಕೆಯದೇ ಆಗಿತ್ತು.

ತೊಡಕು ಎದುರಾದದ್ದು ಇಲ್ಲಿ. ಇಟಲಿಯಲ್ಲಿ ಆಗ ವಿಚ್ಛೇದನದ ಕಾನೂನೇ ಇರಲಿಲ್ಲ; ಅದು ಬಂದದ್ದು 1970ರ ಡಿಸೆಂಬರ್‌ನಲ್ಲಿ. ನೊಬೆಲ್ ಪುರಸ್ಕೃತರೂ ಸೆನೆಟರೂ ಆದವರಿಗೂ ಈ ವಿಷಯದಲ್ಲಿ ರಿಯಾಯಿತಿ ಇರಲಿಲ್ಲ. ಆದರೆ ಏಡ್ರಿಯಾಟಿಕ್ ತೀರದ ಫಿಯುಮೆಯಲ್ಲಿ ಹಂಗರಿ ಆಳ್ವಿಕೆಯ ಕಾಲದ ವಿವಾಹ ಕಾನೂನು ಇನ್ನೂ ಜಾರಿಯಲ್ಲಿತ್ತು. ಅದರಲ್ಲಿ ವಿಚ್ಛೇದನಕ್ಕೆ ಅವಕಾಶವಿತ್ತು. ಇಂದು ಕ್ರೊಯೇಷಿಯಾದ ರಿಯೆಕಾ ಎಂದು ಕರೆಯಲಾಗುವ ಈ ಊರು ಆ ದಿನಗಳಲ್ಲಿ ಹಣವುಳ್ಳ ಇಟಾಲಿಯನ್ನರ ಪಾಲಿಗೆ ದಾಂಪತ್ಯದಿಂದ ಹೊರಬರುವ ಹಿಂಬಾಗಿಲಾಗಿತ್ತು. ಬಡವರಿಗೆ ಆ ದಾರಿಯಿರಲಿಲ್ಲ. 1924ರ ಜನವರಿಯಲ್ಲಿ ರೋಮ್ ಒಪ್ಪಂದದ ಮೂಲಕ ಫಿಯುಮೆ ಇಟಲಿಗೆ ಸೇರುವುದು ನಿಶ್ಚಯವಾಯಿತು. ಫೆಬ್ರವರಿಯಲ್ಲಿ ಮಾರ್ಕೋನಿ ದಂಪತಿಗೆ ಅಲ್ಲಿ ವಿಚ್ಛೇದನ ದೊರಕಿತು. ಅದೇ ವರ್ಷ ಬಿಯಾಟ್ರಿಸ್ ಮರಿನ್ಯೋಲಿ ಅವರನ್ನು ವರಿಸಿದರು.

ಮಾರ್ಕೋನಿ ಅವರಿಗೆ ಆ ಪತ್ರ ಕೆಲಕಾಲ ಸಾಕಾಗಿತ್ತು. ಆದರೆ ತಮಗಿಂತ 26 ವರ್ಷ ಕಿರಿಯರಾದ ಮರಿಯಾ ಕ್ರಿಸ್ಟಿನಾ ಬೆಝಿ-ಸ್ಕಾಲಿ ಅವರನ್ನು ಮದುವೆಯಾಗಬಯಸಿದಾಗ ಅದು ನಿರುಪಯುಕ್ತವಾಯಿತು. ಕ್ರಿಸ್ಟಿನಾ ಅವರದು ವ್ಯಾಟಿಕನ್ನಿಗೆ ನಿಕಟವಾಗಿದ್ದ ಕುಲೀನ ಮನೆತನ. ಚರ್ಚಿನ ವಿವಾಹವಲ್ಲದೆ ಬೇರೆ ಮಾತೇ ಅಲ್ಲಿ ಸಲ್ಲುತ್ತಿರಲಿಲ್ಲ. ಧರ್ಮಸಭೆಯ ಕಣ್ಣಿಗೆ ಫಿಯುಮೆಯ ತೀರ್ಪು ಬರೀ ಕಾಗದ. ಮಾರ್ಕೋನಿ ಇನ್ನೂ ಬಿಯಾಟ್ರಿಸ್ ಅವರ ಪತಿಯೇ.

ವಿಚ್ಛೇದನಕ್ಕೂ ವಿವಾಹದ ಅಸಿಂಧುತ್ವ ಘೋಷಣೆಗೂ ಇರುವ ಅಂತರವನ್ನು ಗಮನಿಸಬೇಕು. ವಿಚ್ಛೇದನ ಇದ್ದ ವಿವಾಹವನ್ನು ಮುಗಿಸುತ್ತದೆ. ಧರ್ಮಸಭೆಯ ನ್ಯಾಯಪೀಠ ವಿವಾಹವನ್ನು ಮುಗಿಸುವುದಿಲ್ಲ. ಮದುವೆಯ ದಿನ ನಿಜವಾದ ಸಮ್ಮತಿ ಇತ್ತೇ, ಬಂಧನ ಕೂಡಿಬಂದಿತ್ತೇ ಎಂಬುದನ್ನಷ್ಟೇ ಪರಿಶೀಲಿಸುತ್ತದೆ. ಆಮೇಲಿನ ಜಗಳ, ವಂಚನೆ, ಬೇರೆಯಾಗಿ ಬಾಳಿದ್ದು ಇವು ಯಾವುವೂ ಅಲ್ಲಿ ತಮ್ಮಷ್ಟಕ್ಕೆ ಕಾರಣಗಳಲ್ಲ.

ಕ್ಯಾಥೊಲಿಕ್ ದೀಕ್ಷೆ ಪಡೆದವರು ಆಂಗ್ಲಿಕನ್ ಚರ್ಚಿನಲ್ಲಿ ಮದುವೆಯಾದದ್ದೇ ತಪ್ಪಲ್ಲವೇ, ಅಷ್ಟೇ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲುತ್ತಿರಲಿಲ್ಲ. ಕ್ಯಾಥೊಲಿಕ್ ಗುರುಗಳ ಮುಂದೆ ನಡೆಯದ ಮದುವೆ ಸಿಂಧುವಲ್ಲವೆಂಬ ನಿಯಮ ಇಂಗ್ಲೆಂಡಿಗೆ ಅನ್ವಯವಾದದ್ದು 1908ರ ಈಸ್ಟರ್‌ನಿಂದ. ಮಾರ್ಕೋನಿ ವಿವಾಹ ಅದಕ್ಕೂ ಮೂರು ವರ್ಷ ಹಿಂದಿನದು. ವಿಧಿಯಲ್ಲಿ ಲೋಪವಿಲ್ಲವೆಂದ ಮೇಲೆ ಉಳಿದದ್ದು ಸಮ್ಮತಿಯ ಲೋಪವೊಂದೇ.

ಬಾಳು ಹೊಂದಿಕೆಯಾಗದಿದ್ದರೆ ವಿಚ್ಛೇದನ ಪಡೆಯುವುದೆಂದು ಮದುವೆಗೆ ಮುನ್ನವೇ ತಾವಿಬ್ಬರೂ ಒಪ್ಪಿಕೊಂಡಿದ್ದೆವೆಂಬುದು ಅವರ ವಾದವಾಯಿತು. ಬಿಡಿಸಲಾಗದ ಬಂಧನವೆಂಬ ತತ್ತ್ವವನ್ನೇ ಮನಸ್ಸಿನಲ್ಲಿ ತಿರಸ್ಕರಿಸಿ ಆಡಿದ ಸಮ್ಮತಿ ಸಮ್ಮತಿಯೇ ಅಲ್ಲ. ಧರ್ಮಸಭೆಯ 1917ರ ಸಂಹಿತೆ ಹೇಳುವುದು ಇದನ್ನೇ. ಆದರೆ ಇದನ್ನು ಅರ್ಜಿದಾರರೊಬ್ಬರೇ ಹೇಳಿದರೆ ನಡೆಯದು. ಸಾಕ್ಷ್ಯ ಬೇಕು. ವಿವಾಹದ ಪರವಾಗಿಯೇ ವಾದಿಸಲು ಬಂಧನರಕ್ಷಕನೆಂಬ ಅಧಿಕಾರಿ ಪೀಠದಲ್ಲಿರುತ್ತಾನೆ. ಕೆಳಗಿನ ಪೀಠ ಅಸಿಂಧುವೆಂದರೂ ಆತ ಮೇಲ್ಮನವಿ ಸಲ್ಲಿಸಲೇಬೇಕಿತ್ತು; ಎರಡು ತೀರ್ಪುಗಳು ಒಂದೇ ಆದಾಗ ಮಾತ್ರ ಬಿಡುಗಡೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಈ ಎರಡನೆಯ ತೀರ್ಪಿನ ಕಡ್ಡಾಯವನ್ನು ತೆಗೆದರು.

ಹೀಗಾಗಿ ಮಾರ್ಕೋನಿ ಬಿಟ್ಟುಹೋದ ಪತ್ನಿಯ ನೆರವನ್ನೇ ಬೇಡಬೇಕಾಯಿತು. ಹತ್ತೊಂಬತ್ತು ವರ್ಷದ ದಾಂಪತ್ಯ, ನಾಲ್ಕು ಹೆರಿಗೆ, ಒಂದು ಮಗುವಿನ ಸಾವು. ಇಷ್ಟನ್ನೂ ಕಂಡ ಹೆಣ್ಣು ಅದು ಮದುವೆಯೇ ಆಗಿರಲಿಲ್ಲವೆಂಬ ತೀರ್ಪಿಗೆ ಆಧಾರ ಒದಗಿಸಬೇಕು. ಬಿಯಾಟ್ರಿಸ್ ಸಹಕರಿಸಿದರು. ಆ ಔದಾರ್ಯಕ್ಕೆ ಮಾರ್ಕೋನಿ ಎಷ್ಟು ಅರ್ಹರಾಗಿದ್ದರೆಂಬುದು ಓದುಗರ ವಿವೇಚನೆಗೆ ಬಿಟ್ಟದ್ದು. ಮಕ್ಕಳ ಸ್ಥಾನಕ್ಕೆ ಮಾತ್ರ ಧಕ್ಕೆಯಿರಲಿಲ್ಲ. ಸದ್ಭಾವನೆಯಿಂದ ನಡೆದ ವಿವಾಹ ಆಮೇಲೆ ಅಸಿಂಧುವಾದರೂ ಸಂತಾನ ಧರ್ಮಸಮ್ಮತವೇ ಎನ್ನುತ್ತದೆ ಸಂಹಿತೆ. ಆದರೆ ಹದಿಹರೆಯದ ಮಕ್ಕಳಿಗೆ ಅದು ಎಷ್ಟು ಸಮಾಧಾನ ತಂದೀತು!

ಮದುವೆ ನಡೆದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಧರ್ಮಪ್ರಾಂತ್ಯದಲ್ಲಿ ವಿಚಾರಣೆ ನಡೆದು, ಪ್ರಕರಣ ರೋಮಿನ ಉಚ್ಚ ಪೀಠವಾದ ರೋಟಾವನ್ನು ತಲುಪಿತು. 1927ರ ಏಪ್ರಿಲ್‌ನಲ್ಲಿ ಅಸಿಂಧುತ್ವ ಘೋಷಣೆ ಹೊರಬಿತ್ತು. ಜೂನ್ 12ರಂದು ಸಿವಿಲ್ ವಿವಾಹ, 15ರಂದು ಚರ್ಚಿನ ವಿವಾಹ. ಎರಡು ಬಾರಿ ಏಕೆಂದರೆ, ಆಗ ಇಟಲಿಯಲ್ಲಿ ಸರ್ಕಾರ ಚರ್ಚಿನ ಮದುವೆಯನ್ನು ಮಾನ್ಯ ಮಾಡುತ್ತಿರಲಿಲ್ಲ. 1929ರ ಲ್ಯಾಟೆರನ್ ಒಪ್ಪಂದದ ಬಳಿಕ ಚರ್ಚಿನ ವಿವಾಹಕ್ಕೂ ಅದರ ಪೀಠದ ತೀರ್ಪಿಗೂ ಅಲ್ಲಿ ಸಿವಿಲ್ ಮಾನ್ಯತೆ ದೊರಕಿತು.

ಭಾರತದಲ್ಲಿ ಅಂತಹ ಮಾನ್ಯತೆ ಇಲ್ಲ. ಚರ್ಚಿನ ಪೀಠದ ತೀರ್ಪಿಗೆ ಕಾನೂನಿನ ಬಲ ಕೊಡಬೇಕೆಂದು ಕರ್ನಾಟಕದವರೇ ಆದ ಕ್ಲಾರೆನ್ಸ್ ಪಾಯ್ಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಳ್ಳಿಹಾಕಿತು. ಮರುಮದುವೆ ಬಯಸುವ ಇಲ್ಲಿನ ಕ್ಯಾಥೊಲಿಕರು, ಚರ್ಚಿನ ತೀರ್ಪು ಕೈಯಲ್ಲಿದ್ದರೂ, ಸಿವಿಲ್ ನ್ಯಾಯಾಲಯದ ಡಿಕ್ರಿ ಪಡೆಯಲೇಬೇಕು.

ಮಾರ್ಕೋನಿ ಅವರ ಉಳಿದ ಹತ್ತು ವರ್ಷಗಳು ರೋಮಿನ ಅಧಿಕಾರ ವಲಯದಲ್ಲಿ ಕಳೆದವು. ಫ್ಯಾಸಿಸ್ಟ್ ಪಕ್ಷವನ್ನು ಅವರು 1923ರಲ್ಲೇ ಸೇರಿದ್ದರು. 1930ರಲ್ಲಿ ರಾಯಲ್ ಅಕಾಡೆಮಿಯ ಅಧ್ಯಕ್ಷರಾದರು. ಅದೇ ವರ್ಷ ಜುಲೈ 20ರಂದು ಹುಟ್ಟಿದ ಮಗಳಿಗೆ ನೌಕೆಯ ಹೆಸರನ್ನೇ ಇಟ್ಟು ಎಲೆಟ್ರಾ ಎಂದು ಕರೆದರು. 1931ರ ಫೆಬ್ರವರಿ 12ರಂದು ಅವರೇ ಕಟ್ಟಿಸಿದ ವ್ಯಾಟಿಕನ್ ರೇಡಿಯೊ ಕೇಂದ್ರದಿಂದ ಹನ್ನೊಂದನೆಯ ಪಯಸ್ ಮೊದಲ ಬಾರಿಗೆ ಜಗತ್ತನ್ನುದ್ದೇಶಿಸಿ ಮಾತನಾಡಿದರು.

1937ರ ಜುಲೈ 20ರಂದು, ಎಲೆಟ್ರಾಗೆ ಏಳು ತುಂಬಿದ ದಿನ, ಹೃದಯಾಘಾತದಿಂದ ಮಾರ್ಕೋನಿ ನಿಧನರಾದರು. ಮರುದಿನ ಬ್ರಿಟನ್ನಿನ ರೇಡಿಯೊ ಕೇಂದ್ರಗಳು ಎರಡು ನಿಮಿಷ ಮೌನ ಆಚರಿಸಿದವು. ಆಸ್ತಿಯ ಬಹುಪಾಲು ಎರಡನೆಯ ಪತ್ನಿಗೂ ಎಲೆಟ್ರಾಗೂ ಸೇರಿತು. ಮೊದಲ ಮದುವೆಯ ಮಗಳು ಡೆನ್ಯಾ 1962ರಲ್ಲಿ ತಂದೆಯ ಜೀವನಚರಿತ್ರೆಯನ್ನು ಪ್ರಕಟಿಸಿದರು; ಲಂಡನ್ನಿನ ಆ ಮದುವೆಯೂ, ಅದರ ಕೊನೆಯೂ ಅದರಲ್ಲಿ ದಾಖಲಾಗಿವೆ.