ಸಿಂಹಾಸನವೇರದ ದೊರೆ

ರಾಜ್ಯದ ಒಡೆತನ ಒಬ್ಬರಿಂದ ಮತ್ತೊಬ್ಬರಿಗೆ ಹೋಗುವುದು ಇತಿಹಾಸದಲ್ಲಿ ಹೊಸ ಸಂಗತಿಯಲ್ಲ. ಯುದ್ಧದಲ್ಲಿ ಸೋತವನ ಕಿರೀಟ ಗೆದ್ದವನ ತಲೆಯನ್ನೇರುತ್ತದೆ. ಅದು ಎಲ್ಲರ ಕಣ್ಣಿಗೂ ಕಾಣುವ ಬದಲಾವಣೆ. ಆದರೆ ಕಿರೀಟವು ಇದ್ದ ತಲೆಯ ಮೇಲೆಯೇ ಇದ್ದು, ಸಿಂಹಾಸನವು ಇದ್ದ ಸ್ಥಳದಲ್ಲಿಯೇ ಇದ್ದು, ಅಧಿಕಾರ ಮಾತ್ರ ಸದ್ದಿಲ್ಲದೆ ಬೇರೊಬ್ಬನ ಕೈಸೇರುವುದೂ ಉಂಟು. ಇಂಥ ಬದಲಾವಣೆಯನ್ನು ಕಂಡುಹಿಡಿಯಲು ಹೊರಗಣ್ಣು ಸಾಲದು. ವಿವೇಕದ ಒಳಗಣ್ಣು ಬೇಕು.

ಪ್ರಾಚೀನ ರೋಮಿನಲ್ಲಿ ನಡೆದುದು ಇಂಥದೇ ಬದಲಾವಣೆ. ರೋಮನರು ಕ್ರಿ. ಪೂ. 509ರ ಸುಮಾರಿಗೆ ತಮ್ಮ ಅರಸನನ್ನು ಹೊರದೂಡಿ ಗಣರಾಜ್ಯವನ್ನು ಕಟ್ಟಿಕೊಂಡರು. ವರ್ಷಕ್ಕೆ ಇಬ್ಬರಂತೆ ಆಯ್ಕೆಯಾಗುವ ಕಾನ್ಸಲರೂ ಹಿರಿಯರ ಸಭೆಯಾದ ಸೆನೆಟ್ಟೂ ಅಲ್ಲಿ ರಾಜ್ಯಭಾರವನ್ನು ನಡೆಸುತ್ತಿದ್ದವು. ರಾಜ್ಯವು ಹಿಗ್ಗಿದಂತೆ ಸೈನಿಕರು ಸಂಬಳಕ್ಕೂ ಭೂಮಿಗೂ ಸೆನೆಟ್ಟನ್ನು ಬಿಟ್ಟು ತಮ್ಮ ಸೇನಾಪತಿಗಳನ್ನೇ ನೆಚ್ಚತೊಡಗಿದರು. ಆಜೀವ ಪರಮಾಧಿಕಾರಿಯಾಗಿದ್ದ ಜೂಲಿಯಸ್ ಸೀಸರನು ಕ್ರಿ. ಪೂ. 44ರಲ್ಲಿ ಕೊಲೆಯಾದನು. ಅವನ ದತ್ತುಪುತ್ರನಾದ ಆಕ್ಟೇವಿಯನ್ನನು ತನ್ನ ಎದುರಾಳಿಗಳನ್ನೆಲ್ಲ ಗೆದ್ದ ಬಳಿಕ ಕ್ರಿ. ಪೂ. 27ರಲ್ಲಿ ಅಧಿಕಾರವನ್ನು ಸೆನೆಟ್ಟಿಗೆ ಮರಳಿ ಒಪ್ಪಿಸುವುದಾಗಿ ಸಾರಿದನು; ಅದೇ ಸಭೆಯಿಂದ ಆಗಸ್ಟಸ್ ಎಂಬ ಬಿರುದನ್ನೂ, ಸೈನ್ಯಗಳು ಬೀಡುಬಿಟ್ಟಿದ್ದ ಪ್ರಾಂತ್ಯಗಳ ಆಡಳಿತವನ್ನೂ ಪಡೆದನು. ಸೆನೆಟ್ಟು ಮೊದಲಿನಂತೆಯೇ ಸೇರುತ್ತಿತ್ತು. ಕಾನ್ಸಲರು ಮೊದಲಿನಂತೆಯೇ ಆಯ್ಕೆಯಾಗುತ್ತಿದ್ದರು. ಆದರೆ ಗಣರಾಜ್ಯವು ಚಕ್ರಾಧಿಪತ್ಯವಾಗಿತ್ತು. ಆ ಆಗಸ್ಟಸನ ಬೆಳ್ಳಿಯ ನಾಣ್ಯ ನಮ್ಮ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ದೊರೆತಿರುವುದು ಸ್ವಾರಸ್ಯದ ವಿಷಯ.

ಕನ್ನಡ ನಾಡಿನಲ್ಲಿ ರೋಮಿನಂಥ ಗಣರಾಜ್ಯವಿರಲಿಲ್ಲ. ಆದರೆ ಹಳೆಯ ವ್ಯವಸ್ಥೆಯ ಹೊರರೂಪವನ್ನು ಹಾಗೆಯೇ ಉಳಿಸಿ, ಅದರ ಒಳಗಿನ ಅಧಿಕಾರವನ್ನೆಲ್ಲ ತನ್ನದಾಗಿಸಿಕೊಂಡ ಪುರುಷನೊಬ್ಬನು ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಯೂ ಆಗಿಹೋದನು. ಅವನೇ ಹೈದರಾಲಿ.

ಹೈದರನು 1720ರ ಸುಮಾರಿಗೆ ಕೋಲಾರದ ಸೀಮೆಯ ಬೂದಿಕೋಟೆಯಲ್ಲಿ ಜನಿಸಿದನು. ತಂದೆ ಫತೇ ಮಹಮ್ಮದನು ಶಿರಾ ಸೀಮೆಯ ಅಧಿಕಾರಿಗಳ ಸೇವೆಯಲ್ಲಿದ್ದು ಯುದ್ಧದಲ್ಲಿ ಮಡಿದನು. ತಂದೆಯ ಸಾಲಕ್ಕಾಗಿ ದೊಡ್ಡಬಳ್ಳಾಪುರದಲ್ಲಿ ಎಳೆಯ ಮಕ್ಕಳಿಬ್ಬರನ್ನೂ ನಗಾರಿಯೊಳಗೆ ಕೂಡಿ, ಮೇಲಿನಿಂದ ಬಾರಿಸಿ ಹಿಂಸಿಸಿದರೆಂಬ ಕಥೆಯನ್ನು ಹಿಂದಿನ ಇತಿಹಾಸಕಾರರು ಬರೆದಿಟ್ಟಿದ್ದಾರೆ. ತಬ್ಬಲಿಗಳಾದ ಮಕ್ಕಳೊಡನೆ ತಾಯಿಯು ಬಂಧುಗಳ ಆಶ್ರಯವನ್ನರಸಿ ಮೈಸೂರು ಸೀಮೆಗೆ ಬಂದಳು. ಅಣ್ಣ ಶಹಬಾಜನು ಮೈಸೂರಿನ ಸೈನ್ಯವನ್ನು ಸೇರಿದನು. ತಮ್ಮನಿಗೆ ಓದು ಬರಹಗಳು ಒದಗಲಿಲ್ಲ. ಕುದುರೆ ಸವಾರಿ, ಬೇಟೆ, ಆಯುಧಗಳೇ ಅವನ ಪಾಠಗಳಾದವು.

ಆಗ ಶ್ರೀರಂಗಪಟ್ಟಣದ ಗದ್ದುಗೆಯಲ್ಲಿದ್ದವರು ಇಮ್ಮಡಿ ಕೃಷ್ಣರಾಜ ಒಡೆಯರು. 1734ರಲ್ಲಿ ಪಟ್ಟಕ್ಕೆ ಬಂದಾಗ ಅವರಿನ್ನೂ ಬಾಲಕರು. ರಾಜ್ಯದ ಸೂತ್ರಗಳೆಲ್ಲ ಕಳಲೆ ಮನೆತನದ ಸೋದರರಾದ ದಳವಾಯಿ ದೇವರಾಜಯ್ಯ ಮತ್ತು ಸರ್ವಾಧಿಕಾರಿ ನಂಜರಾಜಯ್ಯ ಇವರ ಕೈಯಲ್ಲಿದ್ದವು. ಎಂದರೆ ಹೈದರನು ಬರುವ ಮೊದಲೇ ಅರಸನ ಹೆಸರು ಒಂದು ಕಡೆ, ಅರಸುತನ ಇನ್ನೊಂದು ಕಡೆ ಎಂಬ ಸ್ಥಿತಿ ಮೈಸೂರಿನಲ್ಲಿ ಬೇರೂರಿತ್ತು. ಈ ಮಾತನ್ನು ಮರೆತರೆ ಹೈದರನ ಏಳಿಗೆಯು ಒಂದು ಪವಾಡದಂತೆ ತೋರುತ್ತದೆ. ಅದು ಪವಾಡವಲ್ಲ, ಬಾಗಿಲು ಮೊದಲೇ ತೆರೆದಿತ್ತು, ಅವನು ಒಳಗೆ ನಡೆದನು.

1749ರಲ್ಲಿ ದೇವನಹಳ್ಳಿಯ ಮುತ್ತಿಗೆಯಲ್ಲಿ ತೋರಿದ ಎದೆಗಾರಿಕೆಯಿಂದ ಹೈದರನು ನಂಜರಾಜಯ್ಯನ ಮೆಚ್ಚುಗೆಗೆ ಪಾತ್ರನಾಗಿ ಒಂದು ಚಿಕ್ಕ ಪಡೆಯ ಒಡೆಯನಾದನು. ಮುಂದೆ ತಿರುಚಿನಾಪಳ್ಳಿಯ ದಂಡಯಾತ್ರೆಯಲ್ಲಿ ಫ್ರೆಂಚರೂ ಇಂಗ್ಲಿಷರೂ ಸಾಲುಗಟ್ಟಿ ಶಿಸ್ತಿನಿಂದ ಕಾದುವ ರೀತಿಯನ್ನು ಕಣ್ಣಾರೆ ಕಂಡನು. ಆ ದಂಡಯಾತ್ರೆಯಿಂದ ಮೈಸೂರಿಗೆ ಲಾಭವೇನೂ ಆಗಲಿಲ್ಲ, ಬೊಕ್ಕಸ ಬರಿದಾಯಿತು. ಕಲಿತವನು ಹೈದರನೊಬ್ಬನೇ. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದಾಗ ಅವನು ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ, ತೋಪುಗಳನ್ನೂ ಶಸ್ತ್ರಗಳನ್ನೂ ಸಿದ್ಧಪಡಿಸುವ ಕಾರ್ಯಾಗಾರವನ್ನು ಕಟ್ಟಿದನು.

1757ರಲ್ಲಿ ಮರಾಠರು ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು ದೊಡ್ಡ ಮೊತ್ತದ ಕಪ್ಪವನ್ನು ಕೇಳಿದರು. ಮರುವರ್ಷ ಸಂಬಳವಿಲ್ಲದೆ ಬೇಸತ್ತ ಸೈನಿಕರು ನಂಜರಾಜಯ್ಯನ ಮನೆಯ ಮುಂದೆ ಧರಣಿ ಕುಳಿತರು. ಸರ್ವಾಧಿಕಾರಿಯ ಬಳಿ ಹಣವಿರಲಿಲ್ಲ. ಹೈದರನು ನಡುವೆ ನಿಂತು, ಲೆಕ್ಕಪತ್ರಗಳನ್ನು ಶೋಧಿಸಿ, ಬಾಕಿಯನ್ನು ತೀರಿಸಿ, ಗಲಭೆಯನ್ನು ಅಡಗಿಸಿದನು. ಅಂದಿನಿಂದ ಸೈನಿಕನು ಅನ್ನಕ್ಕಾಗಿ ನೋಡಿದುದು ಹೈದರನ ಮುಖವನ್ನು. ಸೈನ್ಯದ ವೆಚ್ಚಕ್ಕೆಂದು ಒಂದೊಂದೇ ಪ್ರಾಂತ್ಯದ ಕಂದಾಯ ಅವನ ವಶಕ್ಕೆ ಬಂದಿತು. ಸಂಬಳ ಕೊಡುವ ಕೈಯೂ ಕತ್ತಿ ಹಿಡಿದ ಕೈಯೂ ಒಂದೇ ಆದಾಗ ರಾಜ್ಯವು ಯಾರದೆಂದು ಕೇಳುವ ಅಗತ್ಯ ಉಳಿಯುವುದಿಲ್ಲ. ರೋಮಿನಲ್ಲಿ ಆದುದೂ ಇದೇ.

1759ರಲ್ಲಿ ನಂಜರಾಜಯ್ಯನು ಅಧಿಕಾರದಿಂದ ನಿವೃತ್ತನಾಗಬೇಕಾಯಿತು. ತಮ್ಮ ಅಧಿಕಾರ ತಮಗೆ ಮರಳುವುದೆಂದು ಅರಮನೆಯವರು ಹಿಗ್ಗಿದರು. ಆದರೆ ಬಲ್ಲಿದನೊಬ್ಬನು ಹೋಗಿ ಮತ್ತೊಬ್ಬ ಬಲ್ಲಿದನು ಬಂದುದು ಅವರಿಗೆ ಬೇಗನೆ ತಿಳಿಯಿತು. ರಾಜಮಾತೆಯೂ, ಹೈದರನೇ ಮೇಲೆ ತಂದಿದ್ದ ಖಂಡೇರಾಯನೂ ಕೂಡಿ, 1760ರ ಆಗಸ್ಟಿನಲ್ಲಿ ಅವನ ಮೇಲೆ ಬಿದ್ದರು. ಹೆಂಡತಿ ಮಕ್ಕಳನ್ನು ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು, ತುಂಬಿದ ಕಾವೇರಿಯನ್ನು ರಾತ್ರಿಯಲ್ಲಿ ದಾಟಿ, ಹೈದರನು ಬೆಂಗಳೂರಿಗೆ ಓಡಿದನು. ನಂಜನಗೂಡಿನ ಬಳಿ ಮತ್ತೆ ಸೋತನು. ಆಗ ತಾನು ಕೆಳಗಿಳಿಸಿದ್ದ ನಂಜರಾಜಯ್ಯನ ಬಳಿಗೇ ಹೋಗಿ ಕ್ಷಮೆ ಬೇಡಿ ಅವನ ಹೆಸರಿನ ಬಲವನ್ನು ಪಡೆದನು. ಖಂಡೇರಾಯನ ಸರದಾರರು ಒಳಗೊಳಗೇ ತಿರುಗಿಬಿದ್ದಿರುವಂತೆ ಸುಳ್ಳು ಪತ್ರಗಳನ್ನು ಹುಟ್ಟಿಸಿ, ಅವು ಖಂಡೇರಾಯನ ಕೈಗೇ ಸಿಗುವಂತೆ ಮಾಡಿದನೆಂದು ಇತಿಹಾಸಕಾರರು ಹೇಳುತ್ತಾರೆ. ಹೆದರಿದ ಖಂಡೇರಾಯನು ದಂಡನ್ನು ತೊರೆದು ಓಡಿದನು. 1761ರಲ್ಲಿ ಹೈದರನು ಶ್ರೀರಂಗಪಟ್ಟಣಕ್ಕೆ ಮರಳಿ ರಾಜ್ಯದ ಸರ್ವಸ್ವವನ್ನೂ ವಶಪಡಿಸಿಕೊಂಡನು. ಖಂಡೇರಾಯನನ್ನು ಗಿಳಿಯಂತೆ ಸಾಕುವುದಾಗಿ ಮಾತುಕೊಟ್ಟು, ಆ ಮಾತನ್ನು ಅಕ್ಷರಶಃ ನಡೆಸಲು ಅವನನ್ನು ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನೆಂಬ ಕಥೆ ನಾಡಿನಲ್ಲೆಲ್ಲ ಹಬ್ಬಿತು.

ಈಗ ಅವನು ಮನಸ್ಸು ಮಾಡಿದ್ದರೆ ಸಿಂಹಾಸನವನ್ನು ಏರಬಹುದಾಗಿತ್ತು. ಏರಲಿಲ್ಲ. ಅರಸರ ಖರ್ಚಿಗೆಂದು ಕೆಲವು ಪ್ರಾಂತ್ಯಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟನು. ವರ್ಷ ವರ್ಷವೂ ನವರಾತ್ರಿಯಲ್ಲಿ ಒಡೆಯರು ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು. ಹೈದರನೂ ಬಂದು ವಂದಿಸುತ್ತಿದ್ದನು. ಜನರ ಭಕ್ತಿ ಬೇರೂರಿದ್ದುದು ಒಡೆಯರ ಮನೆತನದಲ್ಲಿ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಆ ಭಕ್ತಿಯನ್ನು ಕೆಡಿಸುವುದಕ್ಕಿಂತ ಅದರ ನೆರಳಿನಲ್ಲಿ ಆಳುವುದು ಅವನಿಗೆ ಸುಲಭವಾಗಿ ಕಂಡಿತು.

1763ರಲ್ಲಿ ಅವನು ಕೆಳದಿಯ ಅರಸರ ರಾಜಧಾನಿಯಾದ ಬಿದನೂರನ್ನು ಗೆದ್ದನು. ರಾಣಿ ವೀರಮ್ಮಾಜಿ ಸೆರೆಯಾದಳು. ಅಪಾರ ಸಂಪತ್ತು ಅವನ ಕೈಸೇರಿತು. ಊರಿಗೆ ಹೈದರನಗರವೆಂದು ಹೆಸರಾಯಿತು. ಅಲ್ಲಿ ಅವನು ಹೊಡೆಯಿಸಿದ ಬಹಾದ್ದೂರಿ ವರಹದ ಒಂದು ಮುಖದಲ್ಲಿ ಹಿಂದಿನಂತೆಯೇ ಶಿವಪಾರ್ವತಿಯರ ಮೂರ್ತಿಗಳಿದ್ದವು. ಇನ್ನೊಂದು ಮುಖದಲ್ಲಿ ಮಾತ್ರ ಅವನ ಹೆಸರಿನ ಮೊದಲ ಅಕ್ಷರ ಪಾರಸಿ ಲಿಪಿಯಲ್ಲಿತ್ತು. ಅವನ ರಾಜನೀತಿಯೆಲ್ಲ ಆ ಪುಟ್ಟ ಚಿನ್ನದ ಬಿಲ್ಲೆಯಲ್ಲಿ ಅಡಗಿತ್ತೆಂದರೆ ತಪ್ಪಾಗದು. ಜನರಿಗೆ ಪರಿಚಿತವಾದ ಮುಖ ಮೇಲೆ; ಅಧಿಕಾರದ ಗುರುತು ಹಿಂದೆ.

ಬಿದನೂರಿನಿಂದ ಅವನ ದೃಷ್ಟಿ ಉತ್ತರಕ್ಕೆ, ಸವಣೂರಿನ ಕಡೆಗೆ ಹರಿಯಿತು. ವರದೆ ಮತ್ತು ತುಂಗಭದ್ರೆಯರ ಸೀಮೆ ಅದು. ಅದೇ ಸೀಮೆಯಲ್ಲಿ, ರಾಣೆಬೆನ್ನೂರು ಒಂದು ಕಡೆಗೂ ಬ್ಯಾಡಗಿ ಇನ್ನೊಂದು ಕಡೆಗೂ ಇರುವಂತೆ, ಮಾಲತೇಶನ ನೆಲೆಯಾದ ದೇವರಗುಡ್ಡವಿದೆ. ಮಹಾನವಮಿಯ ಕಾಲದಲ್ಲಿ ಅಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದವರನ್ನೆಲ್ಲ ಸುಮ್ಮನಾಗಿಸಿ, ಒಂದೇ ಒಂದು ಸಾಲಿನ ಕಾರಣಿಕವನ್ನು ನುಡಿಯುತ್ತಾನೆ. ಆ ಒಂದು ಸಾಲಿನಲ್ಲಿ ಜನರು ಮಳೆ ಬೆಳೆಗಳ ಭವಿಷ್ಯವನ್ನೂ, ಆಳುವವರ ಭವಿಷ್ಯವನ್ನೂ ಹುಡುಕುತ್ತಾರೆ. ನಾಳೆ ಆಳುವವರು ಯಾರು ಎಂಬ ಪ್ರಶ್ನೆ 1764ರಲ್ಲಿ ಈ ಸೀಮೆಯ ರೈತನಿಗೆ ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಸವಣೂರಿನ ನವಾಬ, ಪುಣೆಯ ಪೇಶ್ವೆ, ಮೈಸೂರಿನ ಹೈದರ ಈ ಮೂವರ ದಂಡುಗಳೂ ಅವನ ಜೋಳದ ಹೊಲದ ಮೇಲೆಯೇ ಹಾದುಹೋಗಬೇಕಾಗಿತ್ತು.

ಆ ವರ್ಷದ ಮೇ ತಿಂಗಳಿನಲ್ಲಿ, ಇಂದಿನ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಬಳಿ, ಹೈದರನಿಗೂ ಹತ್ತೊಂಬತ್ತು ವರ್ಷದ ಪೇಶ್ವೆ ಮಾಧವರಾಯನಿಗೂ ಯುದ್ಧವಾಯಿತು. ಹೈದರನು ಸೋತು ಆನವಟ್ಟಿಯ ಕಡೆಯ ಕಾಡಿಗೆ ಹಿಮ್ಮೆಟ್ಟಿದನು. 1765ರಲ್ಲಿ ಹಣವನ್ನು ತೆತ್ತು, ಸವಣೂರಿನ ಮೇಲಿನ ಹಕ್ಕನ್ನು ಬಿಟ್ಟು ಸಂಧಿ ಮಾಡಿಕೊಂಡನು. ಈ ಯುದ್ಧದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕಾದಿದವರಿಬ್ಬರೂ ಅರಸರಲ್ಲ. ಪೇಶ್ವೆಯು ಸತಾರೆಯ ಛತ್ರಪತಿಯ ಮಂತ್ರಿ. ಹೈದರನು ಶ್ರೀರಂಗಪಟ್ಟಣದ ಒಡೆಯರ ಸೇವಕ. ನಿಜವಾದ ಅರಸರಿಬ್ಬರೂ ತಮ್ಮ ತಮ್ಮ ಅರಮನೆಗಳಲ್ಲಿದ್ದರು. ಅವರ ಹೆಸರಿನಲ್ಲಿ ನೆಲ ಕೈಬದಲಾಯಿತು, ರಕ್ತ ಹರಿಯಿತು.

ಹೈದರನು ಸೋಲಿನಿಂದ ಕುಗ್ಗುವವನಲ್ಲ. 1769ರಲ್ಲಿ ಅವನ ಕುದುರೆಯ ದಂಡು ಮದರಾಸಿನ ಬಾಗಿಲಿಗೆ ಬಂದು ನಿಂತಾಗ ಇಂಗ್ಲಿಷ್ ಕಂಪೆನಿಯವರು ಒಪ್ಪಂದಕ್ಕೆ ಕೈಯೊಡ್ಡಬೇಕಾಯಿತು. ಮರಾಠರು ಮತ್ತೆ ಮೈಸೂರಿನ ಮೇಲೆ ಬಂದಾಗ ಕಂಪೆನಿಯವರು ಒಪ್ಪಂದದಂತೆ ನೆರವಿಗೆ ಬರಲಿಲ್ಲ. ಹೈದರನು ಅದನ್ನು ಮರೆಯಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಅವನ ಸೈನ್ಯವು ಕರ್ನಲ್ ಬೈಲಿಯ ಪಡೆಯನ್ನು ನಾಶಗೊಳಿಸಿತು. ಅಕ್ಷರ ಬಾರದಿದ್ದರೂ ಅವನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅವನು ಮಾತನಾಡಬಲ್ಲವನಾಗಿದ್ದನು. ಯೋಗ್ಯತೆಯಿದ್ದವನ ಜಾತಿ ಮತಗಳನ್ನು ಕೇಳುತ್ತಿರಲಿಲ್ಲ. ಪೂರ್ಣಯ್ಯ, ಕೃಷ್ಣರಾಯರಂಥವರು ಅವನ ಆಡಳಿತದ ಆಧಾರವಾಗಿದ್ದರು. ಬೆಂಗಳೂರಿನ ಲಾಲ್‌ಬಾಗ್ ಅವನು ಆರಂಭಿಸಿದ ತೋಟ.

ಆದರೆ ಚಿತ್ರದ ಇನ್ನೊಂದು ಮುಖವನ್ನೂ ನಾವು ನೋಡಬೇಕು. 1766ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡಾಗ ಹೈದರನು ಅವರ ಮಗ ನಂಜರಾಜ ಒಡೆಯರನ್ನು ಪಟ್ಟದಲ್ಲಿ ಕೂಡಿಸಿದನು. ಆ ತರುಣ ಅರಸನು ಸ್ವತಂತ್ರನಾಗಲು ಬಯಸಿದನೆಂಬ ಶಂಕೆಯಿಂದ 1770ರಲ್ಲಿ ಅವನನ್ನು ಕೊಲ್ಲಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಅವನ ತಮ್ಮ ಬೆಟ್ಟದ ಚಾಮರಾಜ ಒಡೆಯರೂ 1776ರಲ್ಲಿ ತೀರಿಹೋದರು. ಆಗ ಹೈದರನು ರಾಜಬಂಧುಗಳ ಮಕ್ಕಳನ್ನು ಕರೆಸಿ, ಅವರ ಮುಂದೆ ಆಟದ ಸಾಮಾನುಗಳನ್ನು ಹರಡಿಸಿ, ಕಠಾರಿಯನ್ನು ಕೈಗೆತ್ತಿಕೊಂಡ ಬಾಲಕನನ್ನೇ ಅರಸನಾಗಿ ಆರಿಸಿದನೆಂಬ ಪ್ರತೀತಿಯಿದೆ. ಆ ಬಾಲಕನೇ ಖಾಸಾ ಚಾಮರಾಜ ಒಡೆಯರು. ಕಥೆ ಮನೋಹರವಾಗಿದೆ. ಆದರೆ ಅರಸನನ್ನು ಸೇವಕನೇ ಆರಿಸುವ ಕಾಲ ಬಂದಿತ್ತೆಂಬುದು ಅದರ ತಿರುಳು. ಹೊರರೂಪವನ್ನು ಉಳಿಸಿದವನ ಕೈಯಲ್ಲಿಯೇ ಆ ರೂಪವು ಆಟಿಗೆಯಾಗಿತ್ತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ದಂಡಿನ ಪಾಳೆಯದಲ್ಲಿ, ಬೆನ್ನಿನ ಹುಣ್ಣಿನಿಂದ ನರಳಿ ಹೈದರನು ಮರಣಹೊಂದಿದನು. ಮಗ ಟಿಪ್ಪೂ ಆಗ ದೂರದ ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ಸೈನ್ಯವು ಚೆದುರೀತೆಂದು ಅಂಜಿ, ಮಂತ್ರಿಗಳು ಸಾವನ್ನು ಮುಚ್ಚಿಟ್ಟು, ದೇಹವನ್ನು ಗುಟ್ಟಾಗಿ ಕೋಲಾರಕ್ಕೆ ಸಾಗಿಸಿದರು. ಮುಂದೆ ಅದನ್ನು ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಸಮಾಧಿ ಮಾಡಲಾಯಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಒಬ್ಬನೇ ಹೊತ್ತ ರಾಜ್ಯವು ಆ ಒಬ್ಬನು ಕಣ್ಮುಚ್ಚಿದಾಗ ಎಷ್ಟು ನಿರಾಧಾರವಾಗಿತ್ತೆಂಬುದಕ್ಕೆ ಆ ಗುಟ್ಟೇ ಸಾಕ್ಷಿ. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡಾಗ ಟಿಪ್ಪೂ ಮತ್ತೊಬ್ಬರಿಗೆ ಪಟ್ಟ ಕಟ್ಟಲಿಲ್ಲ. ಹಳೆಯ ರೂಪವೂ ಅಳಿಯಿತು. 1799ರಲ್ಲಿ ಟಿಪ್ಪೂ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಯ ಮೇಲೆ ಕೂಡಿಸಿದವರು ಇಂಗ್ಲಿಷರು. ಸಿಂಹಾಸನಕ್ಕೆ ಅರಸನು ಮರಳಿ ಬಂದನು. ಅಧಿಕಾರವು ಮತ್ತೊಮ್ಮೆ ಬೇರೆ ಕೈಯನ್ನು ಸೇರಿತ್ತು.

ಹೈದರನ ಸಾಹಸವನ್ನು ಮೆಚ್ಚದವರಿಲ್ಲ. ದಿಕ್ಕಿಲ್ಲದ ಬಾಲಕನೊಬ್ಬನು ತನ್ನ ತೋಳಿನ ಬಲದಿಂದಲೂ ಬುದ್ಧಿಯ ಬಲದಿಂದಲೂ ಕಂಪೆನಿಯ ಸರ್ಕಾರವನ್ನೇ ನಡುಗಿಸಿದುದು ಸಾಮಾನ್ಯವಲ್ಲ. ಆದರೂ ಅವನ ಬಾಳು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ. ಒಳ್ಳೆಯವನಾಗಲಿ, ಕೆಟ್ಟವನಾಗಲಿ, ಬೊಕ್ಕಸವನ್ನೂ ಸೈನ್ಯವನ್ನೂ ಒಬ್ಬನೇ ಹಿಡಿದಾಗ ಅವನನ್ನು ಕೇಳುವವರು ಯಾರು? ರೋಮಿನ ಸೆನೆಟ್ಟು ಕೇಳಲಾರದೆ ಹೋಯಿತು. ಶ್ರೀರಂಗಪಟ್ಟಣದ ಅರಮನೆ ಕೇಳಹೋಗಿ ಸೋತಿತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ಬೊಕ್ಕಸದ ಬೀಗದ ಕೈಯನ್ನು ಪ್ರಜೆಗಳು ಆರಿಸಿದ ಸಭೆಗೆ ಒಪ್ಪಿಸಿದೆ. ಆ ಸಭೆಯ ಮಂಜೂರಾತಿಯಿಲ್ಲದೆ ಸರ್ಕಾರವು ಸೈನಿಕನ ಸಂಬಳಕ್ಕೂ ಹಣವನ್ನು ತೆಗೆಯಲಾಗದು. ಸಭೆಯ ಹೆಸರು ಉಳಿದರಷ್ಟೇ ಸಾಲದು; ಬೀಗದ ಕೈ ನಿಜವಾಗಿಯೂ ಅದರ ಬಳಿಯಲ್ಲಿಯೇ ಇದೆಯೇ ಎಂದು ತಲೆಮಾರು ತಲೆಮಾರಿಗೂ ನೋಡುತ್ತಿರಬೇಕಾದವರು ಪ್ರಜೆಗಳೇ.