ಮುಕ್ತಾಬಾಯಿಯ ತಾಯಿ

ಅಹಲ್ಯಾಬಾಯಿ ಹೋಳ್ಕರ್ ಎಂದೊಡನೆ ಬಿಳಿ ಸೀರೆಯುಟ್ಟು ಅಂಗೈಯಲ್ಲಿ ಶಿವಲಿಂಗ ಹಿಡಿದ ರಾಣಿಯ ಚಿತ್ರ ಕಣ್ಮುಂದೆ ಬರುತ್ತದೆ. ಕಾಶಿ ವಿಶ್ವನಾಥ, ಗಯೆಯ ವಿಷ್ಣುಪಾದ ಮಂದಿರಗಳನ್ನು ಕಟ್ಟಿಸಿದ ಪುಣ್ಯಾತ್ಮೆ ಎಂದು ನಾವೆಲ್ಲ ಕೇಳಿದ್ದೇವೆ. ಅವರು ಇಬ್ಬರು ಮಕ್ಕಳನ್ನೂ ಕಳೆದುಕೊಂಡ ತಾಯಿ ಎಂಬುದು ಮಾತ್ರ ನನಗೆ ಗೊತ್ತಾದದ್ದು ಇತ್ತೀಚೆಗೆ.

ಅಹಮದ್‌ನಗರ ಸೀಮೆಯ ಚೌಂಡಿಯಲ್ಲಿ 1725ರಲ್ಲಿ ಹುಟ್ಟಿದ ಅಹಲ್ಯಾಬಾಯಿ, ಬಾಲ್ಯದಲ್ಲೇ ಮಲ್ಹಾರರಾವ್ ಹೋಳ್ಕರರ ಮನೆ ತುಂಬಿದರು. 1754ರಲ್ಲಿ ಕುಂಭೇರ್ ಕೋಟೆಯ ಮುತ್ತಿಗೆಯಲ್ಲಿ ಪತಿ ಖಂಡೇರಾವ್ ಮಡಿದಾಗ ಸಹಗಮನಕ್ಕೆ ಸಿದ್ಧರಾದರು. ಮಾವ ಬೇಡಿಕೊಂಡು ಅವರನ್ನು ಉಳಿಸಿಕೊಂಡರು. 1766ರಲ್ಲಿ ಆ ಮಾವನೂ ತೀರಿಕೊಂಡರು. ಪಟ್ಟಕ್ಕೆ ಬಂದ ಮಗ ಮಾಲೇರಾವ್ ವರ್ಷ ತುಂಬುವುದರೊಳಗೆ, 1767ರಲ್ಲಿ, ಕಾಯಿಲೆಯಿಂದ ಸತ್ತ. ಆಮೇಲೆ ರಾಜ್ಯಭಾರ ಅವರ ಹೆಗಲಿಗೆ ಬಂತು. ನರ್ಮದೆಯ ದಡದ ಮಹೇಶ್ವರದಿಂದ ಆಳಿದರು. ಘಾಟು ಕಟ್ಟಿಸಿದರು, ನೇಕಾರರನ್ನು ಕರೆಸಿ ನೆಲೆ ಕೊಟ್ಟರು. ಇಂದಿಗೂ ನಾವು ಆಸೆಪಟ್ಟು ಉಡುವ ಮಹೇಶ್ವರಿ ಸೀರೆಯ ಹಿಂದೆ ಇರುವುದು ಅವರೇ.

ಉಳಿದವಳು ಮಗಳು ಮುಕ್ತಾಬಾಯಿ. ಅವಳ ಒಬ್ಬನೇ ಮಗ ತೀರಿಕೊಂಡ. ವರ್ಷದೊಳಗೆ, 1791ರಲ್ಲಿ, ಪತಿ ಯಶವಂತರಾವ್ ಫಣಸೆಯೂ ಹೋದರು. ಮುಕ್ತಾ ಸಹಗಮನ ಮಾಡುತ್ತೇನೆಂದಳು. ಮುಂದಿನದನ್ನು ಕೆಲವು ದಶಕಗಳ ನಂತರ ಜಾನ್ ಮಾಲ್ಕಮ್ ದಾಖಲಿಸಿದ್ದಾರೆ. ತಾಯಿ ಮಗಳ ಮುಂದೆ ನೆಲಕ್ಕೆ ಬಿದ್ದು ಬೇಡಿಕೊಂಡರು. ಮಗಳು ಒಪ್ಪಲಿಲ್ಲ. ಮಗ, ಗಂಡ ಇಬ್ಬರೂ ಇಲ್ಲ, ನಾಳೆ ಅಮ್ಮನೂ ಇರುವುದಿಲ್ಲ, ಆಮೇಲೆ ತಾನೊಬ್ಬಳೇ ಹೇಗೆ ಬದುಕಲಿ ಎಂಬುದು ಅವಳ ಪ್ರಶ್ನೆ. ಚಿತೆಯ ಬಳಿ ಇಬ್ಬರು ಬ್ರಾಹ್ಮಣರು ರಾಣಿಯ ತೋಳು ಹಿಡಿದು ನಿಂತಿದ್ದರು. ಕೈ ಬಿಡಿಸಿಕೊಳ್ಳಲಾಗದೆ ಅವರು ತಮ್ಮ ಕೈಗಳನ್ನೇ ಕಚ್ಚಿಕೊಂಡರಂತೆ. ನರ್ಮದೆಯಲ್ಲಿ ಮಿಂದು ಅರಮನೆಗೆ ಮರಳಿ, ಮೂರು ದಿನ ಅನ್ನವಿಲ್ಲ, ಮಾತಿಲ್ಲ. ಕೊನೆಗೆ ಮಗಳು ಅಳಿಯನ ನೆನಪಿಗೆ ಸ್ಮಾರಕ ಕಟ್ಟಿಸುವುದರಲ್ಲಿ ಸ್ವಲ್ಪ ಸಮಾಧಾನ ಕಂಡರು. 1795ರಲ್ಲಿ ಅವರೂ ಹೊರಟುಹೋದರು.

ಒಮ್ಮೆ ಅವರನ್ನೇ ಕರೆದ ಚಿತೆ ಕಡೆಗೆ ಅವರ ಮಗಳನ್ನು ಕರೆದುಕೊಂಡಿತು. ಅಷ್ಟು ದೊಡ್ಡ ಭಕ್ತೆ ಅದನ್ನು ದೇವರ ಇಚ್ಛೆ ಎಂದು ಸುಮ್ಮನೆ ನೋಡುತ್ತ ನಿಲ್ಲಲಿಲ್ಲ. ಬೇಡಿದರು, ಅತ್ತರು, ಮೌನವಾದರು. ಪೂಜೆಯನ್ನೂ ಬಿಡಲಿಲ್ಲ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಕಳೆದ ವರ್ಷ ನನ್ನ ತಂಡದ ಗೆಳತಿ ಎಂಟನೇ ತಿಂಗಳಲ್ಲಿ ಮಗು ಕಳೆದುಕೊಂಡಾಗ, ಎಲ್ಲಾ ದೇವರಿಚ್ಛೆ, ಮತ್ತೆ ಆಗುತ್ತೆ ಬಿಡು ಎಂದುಬಿಟ್ಟಿದ್ದೆ. ಅವಳು ತಲೆಯಾಡಿಸಿ ಲ್ಯಾಪ್‌ಟಾಪ್ ತೆರೆದಿದ್ದಳು. ಮೊನ್ನೆ ಫೋನ್ ಮಾಡಿ, ಮಗುವಿಗೆ ಏನು ಹೆಸರು ಅಂದುಕೊಂಡಿದ್ದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಸರು ಹೇಳಿದಳು. ಆಮೇಲೆ ಒಂದು ಗಂಟೆ ಅವಳೇ ಮಾತಾಡಿದಳು, ನಾನು ಕೇಳಿದೆ.