ಒಂದೇ ತುಂಡಿನಲ್ಲಿ ಆನೆ ಸಂಸಾರ

ಮಕ್ಕಳೇ, ನಮ್ಮ ಎಷ್ಟೋ ಮನೆಗಳ ಷೋಕೇಸಿನಲ್ಲಿ ಮರದ ಆನೆಯೊಂದು ನಿಂತಿರುತ್ತದೆ. ಊರಿಂದ ಬರುವಾಗ ಅಜ್ಜಿಯೋ ಅತ್ತೆಯೋ ಸೀರೆಯಲ್ಲಿ ಸುತ್ತಿ ತಂದದ್ದು. ಅದು ಗಂಧದ್ದಾದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಗುಡಿಗಾರರ ಕೈಯಲ್ಲಿ ಹುಟ್ಟಿದ್ದಿರಬಹುದು. ತಲೆತಲಾಂತರದಿಂದ ಕೆತ್ತನೆಯೇ ಕಸುಬಾದವರು ಇವರು. ದೇವರ ವಿಗ್ರಹ, ಪೆಟ್ಟಿಗೆ, ಮದುವೆಗೆ ಬೆಂಡಿನ ಬಾಸಿಂಗ ಎಲ್ಲ ಮಾಡುತ್ತಾರೆ. ನನ್ನ ಕಣ್ಣು ಮಾತ್ರ ಅವರ ಆನೆ ಸಂಸಾರದ ಮೇಲೆ.

ತಾಯಿ, ಮರಿಗಳನ್ನು ಬೇರೆ ಬೇರೆ ಕೆತ್ತಿ ಪೀಠಕ್ಕೆ ಅಂಟಿಸುವುದು ಸುಲಭ. ಒಂದೇ ತುಂಡಿನಲ್ಲಿ ಅಷ್ಟನ್ನೂ ಬಿಡಿಸುವುದಿದೆಯಲ್ಲ, ಅದು ಕಷ್ಟ. ತುಂಡಿನ ಮೇಲೆ ಗೆರೆ ಎಳೆದು, ಬೇಡದ ಭಾಗವನ್ನು ಗರಗಸದಿಂದ ತೆಗೆದು, ಆಮೇಲೆ ಉಳಿ, ಕೊಡತಿ ಹಿಡಿಯುತ್ತಾರೆ. ಬೆನ್ನು, ಹೊಟ್ಟೆ ಬೇಗ ರೂಪಕ್ಕೆ ಬರುತ್ತವೆ. ಪೇಚಾಟ ಶುರುವಾಗುವುದು ತಾಯಿಯ ಕಾಲುಗಳ ಸಂದಿಯಲ್ಲಿ. ಮರಿ ಅಡಗಿರುವುದು ಅಲ್ಲೇ! ಅಗಲದ ಉಳಿ ಒಳಗೆ ಹೋಗದು; ಸಪೂರ ಉಳಿಯಿಂದ ಚೂರುಚೂರೇ ಕೆರೆದು ತೆಗೆಯಬೇಕು. ಸೊಂಡಿಲಿನದು ಇನ್ನೊಂದು ಲೆಕ್ಕ. ಮರದ ಎಳೆಗೆ ಅಡ್ಡವಾಗಿ ಚಾಚಿದರೆ ಅದು ಚಟ್ಟನೆ ಮುರಿಯುತ್ತದೆ. ಅದಕ್ಕೇ ಜಾಣ ಕೆತ್ತನೆಗಾರ ಅದನ್ನು ಬಾಗಿಸಿ ಮರಿಯ ಬೆನ್ನಿಗೆ ತಾಗಿಸಿಬಿಡುತ್ತಾನೆ. ನೋಡುವವರಿಗೆ ಅಮ್ಮನ ಮುದ್ದು, ಅವನಿಗೆ ಸೊಂಡಿಲಿಗೊಂದು ಆಸರೆ.

ಗಂಧದ ಮರದಲ್ಲಿ ಪರಿಮಳವಿರುವುದು ಒಳಗಿನ ತಿರುಳಿಗೆ ಮಾತ್ರ. ಎಳೆ ಒತ್ತಾಗಿರುವುದರಿಂದ ಆನೆಯ ಕಣ್ಣಂಚಿನ ಸುಕ್ಕನ್ನೂ ಅದರಲ್ಲಿ ಮೂಡಿಸಬಹುದು. ಆದರೆ ತಿರುಳು ಬಲಿಯಲು ವರ್ಷಗಟ್ಟಲೆ ಬೇಕು. ಈಗಂತೂ ಗಂಧ ಬಲು ದುಬಾರಿ. ಹಾಗಾಗಿ ಶಿವನೆಯಂಥ ಮರಗಳಲ್ಲೂ ಕೆತ್ತುತ್ತಾರೆ.

ಇನ್ನು ನಿಮ್ಮ ಮನೆಯ ಆನೆಯನ್ನು ಪರೀಕ್ಷೆ ಮಾಡಿ. ನಮ್ಮ ಕಾಡಿನ ಹೆಣ್ಣಾನೆಗೆ ಉದ್ದನೆಯ ದಂತ ಇರುವುದಿಲ್ಲ. ಅಂಗಡಿಯ ಬೊಂಬೆಗಳಲ್ಲೋ, ಅಮ್ಮನಿಗೂ ದಂತ, ಪುಟ್ಟ ಮರಿಗೂ ದಂತ! ಜೊತೆಗೆ ಮನೆಯ ಯಜಮಾನನಂತೆ ಮುಂದೆ ನಿಂತ ಅಪ್ಪ. ನಿಜವಾಗಿ ಹಿಂಡು ನಡೆಸುವವಳು ಹಿರಿಯ ಹೆಣ್ಣಾನೆ. ಬೆಳೆದ ಗಂಡಾನೆ ಹೆಚ್ಚಾಗಿ ದೂರವೇ ಇರುತ್ತದೆ. ಹಾಲು ಕುಡಿಯುವ ಮರಿ ಎಲ್ಲಿ ನಿಂತಿದೆ ಎಂಬುದನ್ನೂ ನೋಡಿ. ಕರುವಿನ ಹಾಗೆ ಹಿಂಗಾಲ ಬಳಿ ನಿಲ್ಲಿಸಿದ್ದರೆ ತಪ್ಪು. ತಾಯಾನೆಯ ಮೊಲೆ ಇರುವುದು ಮುಂಗಾಲುಗಳ ನಡುವೆ. ಮರಿ ಸೊಂಡಿಲು ಎತ್ತಿಕೊಂಡು ಬಾಯಿಂದಲೇ ಕುಡಿಯುತ್ತದೆ.

ರಜೆಯಲ್ಲಿ ಶಿವಮೊಗ್ಗದಿಂದ ಜೋಗಕ್ಕೆ ಹೊರಟರೆ ಸಾಗರ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಕೊಳ್ಳುವ ಮುನ್ನ ಆನೆಯನ್ನು ಮಗುಚಿ ಹೊಟ್ಟೆಯಡಿಯ ಕೆಲಸ ನೋಡಿ. ಬೆಲೆ ಕೇಳಿ ಅಪ್ಪ ಚೌಕಾಸಿಗೆ ಇಳಿದರೆ, ಆ ಕಾಲುಗಳ ಸಂದಿಯನ್ನು ಅವರಿಗೂ ತೋರಿಸಿ.